ಬಾಡಿಗೆ ಮನೆಗೆ ಎಂಥ ನೆಲ?

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ರೊಳ್ಳದ ನಮ್ಮ ಹಳೇ ಮನೆಯನ್ನು ಬಾಡಿಗೆಗೆಂದು ರಿಪೇರಿ ಮಾಡಿಸಿದೆ. ಹೊಳಪಿಗೆ ಮರುಳಾಗಿ ಅಡುಗೆಮನೆಗೂ ಟೈಲ್ಸ್ ಹಾಕಿಸಿದ್ದು ನನ್ನದೇ ತಪ್ಪು. ಬಾಡಿಗೆಗೆ ಬಂದ ತಾಯಿಯ ಕೈಯಿಂದ ರುಬ್ಬುವ ಗುಂಡು ಜಾರಿ ಎರಡು ಸೀಳಿದವು. ಅದೇ ಬಣ್ಣಕ್ಕಾಗಿ ಹಿಂದೂಪುರ, ಶಿರಾ ಎರಡೂ ಸುತ್ತಿದೆ, ಸಿಗಲಿಲ್ಲ. ಅವರ ಅಡ್ವಾನ್ಸಿನಲ್ಲಿ ಹಿಡಿಯೋಣವೆಂದರೆ ಮನಸ್ಸು ಒಪ್ಪಲಿಲ್ಲ. ಅಡುಗೆಮನೆಯಲ್ಲಿ ರುಬ್ಬಬೇಡಿ ಎನ್ನಲಾದೀತೆ?

ಕೊನೆಗೆ ಎಲ್ಲ ಕೀಳಿಸಿ, ಪಾಲಿಷ್ ಇಲ್ಲದ ಕಡಪ ಕಲ್ಲು ಹಾಸಿಸಿದೆ. ತೆಲುಗಿನಲ್ಲಿ ನಾವು ಕಡಪ ಬಂಡಲು ಎನ್ನುವುದೂ ಇದನ್ನೇ. ಒಂದು ಒಡೆದರೆ ಅದೊಂದನ್ನೇ ಎಬ್ಬಿಸಿ ಬೇರೆ ಕೂರಿಸಬಹುದು. ಇದು ಸುಣ್ಣದ ಜಾತಿಯ ಕಲ್ಲು. ಹುಣಸೆ, ನಿಂಬೆ ಬಿದ್ದರೆ ಕೂಡಲೇ ಒರೆಸಬೇಕು, ಇಲ್ಲದಿದ್ದರೆ ಕಲೆ ನಿಲ್ಲುತ್ತದೆ. ಅಡಿಯಲ್ಲಿ ಟೊಳ್ಳುಳಿದರೆ ಕಲ್ಲೂ ಸೀಳುತ್ತದೆ. ಗಾರೆ ಮೇಸ್ತ್ರಿಗೆ ಕೂಲಿ ಕೊಡುವ ಮುಂಚೆ ಒಂದೊಂದನ್ನೂ ರೂಪಾಯಿ ಬಿಲ್ಲೆಯಿಂದ ತಟ್ಟಿ, ಸದ್ದು ಕೇಳಿ.