ಭೇದಿಯಾದ ಮಗುವಿಗೆ ನೀರು ಕೊಡಬಹುದೇ?



ಪುಟ್ಟ ಮಗುವಿಗೆ ಭೇದಿ ಹತ್ತಿಕೊಂಡ ಮನೆಯನ್ನು ನೀವು ನೋಡಿರುತ್ತೀರಿ. ಹಲ್ಲು ಬರುವಾಗ ಹೀಗೇ ಎನ್ನುತ್ತಾರೆ ಒಬ್ಬರು. ದೃಷ್ಟಿಯಾಗಿದೆ, ನಿವಾಳಿಸಿ ಎನ್ನುತ್ತಾರೆ ಇನ್ನೊಬ್ಬರು. ನೀರು ಕುಡಿಸಿದರೆ ಭೇದಿ ಹೆಚ್ಚುತ್ತದೆ, ಹೊಟ್ಟೆ ಖಾಲಿ ಬಿಡಿ ಎಂಬ ಸಲಹೆಯೂ ಬರುತ್ತದೆ. ಆರೋಗ್ಯ ಕಾರ್ಯಕ್ರಮ ತಯಾರಿಸುವ ನಮ್ಮನ್ನು ತಾಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೂ ಇದೇ: ನೀರು ಕೊಡಬಹುದೇ? ಉತ್ತರ ಒಂದೇ. ಕೊಡಲೇಬೇಕು.

ಏಕೆ? ಭೇದಿಯಲ್ಲಿ ಮಗುವಿನ ಪ್ರಾಣಕ್ಕೆ ಕುತ್ತು ತರುವುದು ಹೆಚ್ಚಾಗಿ ನೀರು ಮತ್ತು ಲವಣಗಳ ನಷ್ಟ. 10 ಕಿಲೋ ತೂಕದ ಮಗು 1 ಲೀಟರ್ ನೀರು ಕಳೆದುಕೊಂಡರೆ ಸ್ಥಿತಿ ಗಂಭೀರ. ಆದರೆ ಕರುಳಿನ ಒಂದು ಬಾಗಿಲು ಭೇದಿಯಲ್ಲೂ ತೆರೆದೇ ಇರುತ್ತದೆ. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿ ಬಂದರೆ ಕರುಳಿನ ಜೀವಕೋಶಗಳು ಅವೆರಡನ್ನೂ ಒಳಗೆ ಬಿಟ್ಟುಕೊಳ್ಳುತ್ತವೆ; ನೀರು ಅವುಗಳ ಹಿಂದೆಯೇ ಹೋಗುತ್ತದೆ. ಓ.ಆರ್.ಎಸ್. ಕೆಲಸ ಮಾಡುವುದು ಹೀಗೆ.

ಇದಕ್ಕೆ ದೊಡ್ಡ ಪರೀಕ್ಷೆ ಎದುರಾದದ್ದು 1971ರಲ್ಲಿ. ಬಾಂಗ್ಲಾ ವಿಮೋಚನೆಯ ಸಮಯದಲ್ಲಿ ಗಡಿ ದಾಟಿ ಬಂದ ನಿರಾಶ್ರಿತರಲ್ಲಿ ಕಾಲರಾ ಹರಡಿತು. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ರಕ್ತನಾಳಕ್ಕೆ ಹನಿಸುವ ದ್ರಾವಣ ಸಾಲದಾಯಿತು. ಡಾ. ದಿಲೀಪ್ ಮಹಲನೋಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿಟ್ಟರು. ರೋಗಿಗಳ ಬಂಧುಗಳೇ ಅದನ್ನು ಲೋಟದಲ್ಲಿ ಕುಡಿಸಿದರು. ಸುಮಾರು ಶೇಕಡ 30ರಷ್ಟಿದ್ದ ಸಾವು ಶೇಕಡ 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಈ ವೈದ್ಯರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಈಗ ಮನೆಯ ಕೆಲಸ. ಕುದಿಸಿ ಆರಿಸಿದ ನೀರಿಗೆ ಇಡೀ ಪೊಟ್ಟಣ ಸುರಿಯಿರಿ. ದೊಡ್ಡ ಪೊಟ್ಟಣಕ್ಕೆ 1 ಲೀಟರ್, ಚಿಕ್ಕದಕ್ಕೆ 200 ಮಿಲಿಲೀಟರ್. ಪೊಟ್ಟಣದ ಮೇಲೆ ಬರೆದಿರುತ್ತದೆ, ಓದಿ ನೋಡಿ. ಪೊಟ್ಟಣ ಸಿಗದಿದ್ದರೆ 1 ಲೀಟರ್ ನೀರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು. ಉಪ್ಪು ಹೆಚ್ಚಾದರೆ ಅಪಾಯ. ಸಕ್ಕರೆ ಹೆಚ್ಚಾದರೆ ಅದು ದೇಹದ ನೀರನ್ನೇ ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ. ಸಿಹಿ ಪಾನೀಯಗಳು ಓ.ಆರ್.ಎಸ್. ಆಗಲಾರವು ಎನ್ನುವುದು ಇದಕ್ಕಾಗಿಯೇ. ನಿಗದಿತ ಸೂತ್ರದಂತಿಲ್ಲದ ಪಾನೀಯಗಳ ಹೆಸರಿನಲ್ಲಿ ಆ ಪದ ಇರಕೂಡದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್, ದೊಡ್ಡ ಮಗುವಿಗೆ ಅದರ ಎರಡರಷ್ಟು ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಕುಡಿಸಿ. ಕಲಸಿದ್ದು 24 ಗಂಟೆಯಾದ ಮೇಲೆ ಚೆಲ್ಲಿಬಿಡಿ. ಎದೆಹಾಲು ನಿಲ್ಲಿಸಬಾರದು. ಊಟ ಮಾಡುವ ಮಗುವಿಗೆ ಗಂಜಿ, ಮೆತ್ತಗಿನ ಅನ್ನ, ಮಜ್ಜಿಗೆ ಕೊಡಬಹುದು. ಆಶಾ ಕಾರ್ಯಕರ್ತೆ ಅಥವಾ ವೈದ್ಯರು ಕೊಡುವ ಸತುವಿನ ಮಾತ್ರೆಯನ್ನು, ಭೇದಿ ನಿಂತರೂ ಹೇಳಿದಷ್ಟು ದಿನ ಮುಗಿಸಬೇಕು. ಭೇದಿ ಕಟ್ಟುವ ಮಾತ್ರೆಯನ್ನು ಮಾತ್ರ ಮಗುವಿಗೆ ಕೊಡಬೇಡಿ.

ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಇಳಿದರೆ, ಮಗು ಮಂಕಾಗಿ ಕುಡಿಯಲಾರದಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಎರಡು ತಿಂಗಳೊಳಗಿನ ಕೂಸಾದರೆ ಈ ಲಕ್ಷಣಗಳಿಗೆ ಕಾಯುವುದೇ ಬೇಡ.

ಗಾಬರಿಗೊಂಡ ತಾಯಿಗೆ ಆ ಹೊತ್ತಿನಲ್ಲಿ ಪೊಟ್ಟಣದ ಸಣ್ಣ ಅಕ್ಷರ ಓದುವ ವ್ಯವಧಾನ ಇರುವುದಿಲ್ಲ. ನೀವು ಓದಿದವರು. ಅಳೆದು ಕಲಸಿಕೊಡುವ ಕೆಲಸ ನಿಮ್ಮದಾಗಲಿ.