ಬುಕನನ್ ಎಂಬ ವೈದ್ಯ ಮತ್ತು ನಮ್ಮ ಬಟ್ಟಿ ಲೆಕ್ಕ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಬಿ.ಇ. ಓದಿದವನು ಕಂಪ್ಯೂಟರ್ ಬಗ್ಗೆ ಕೊರೆಯುತ್ತಾನೆ ಎಂದು ಹೆದರಬೇಡಿ. ಒಬ್ಬ ವೈದ್ಯನ ವಿಷಯ ಹೇಳುತ್ತೇನೆ.

ಫ್ರಾನ್ಸಿಸ್ ಬುಕನನ್ 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವನು. 1783ರಲ್ಲಿ ಎಡಿನ್‌ಬರೋದಲ್ಲಿ ಎಂ.ಡಿ. ಪಡೆದ. ಪ್ರಬಂಧದ ವಿಷಯ, ಬಿಟ್ಟು ಬಿಟ್ಟು ಬರುವ ಜ್ವರ. ಹಡಗುಗಳಲ್ಲಿ ವೈದ್ಯನಾಗಿ ಸುತ್ತಿ 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯಕೀಯ ಸೇವೆಗೆ ಸೇರಿದ. ನಮ್ಮ ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು ಮೀನುಗಳಿಗೆ ವೈಜ್ಞಾನಿಕ ಹೆಸರು ಕೊಟ್ಟವನೂ ಇವನೇ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ. ಗೆದ್ದ ನಾಡಿನಲ್ಲಿ ಏನೇನಿದೆ ಎಂದು ಗವರ್ನರ್ ಜನರಲ್ ವೆಲ್ಲೆಸ್ಲಿಗೆ ತಿಳಿಯಬೇಕಿತ್ತು. ಆ ಕೆಲಸ ಈ ವೈದ್ಯನಿಗೆ ಬಿತ್ತು. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟ. ಬೆಂಗಳೂರು, ಶ್ರೀರಂಗಪಟ್ಟಣ ನೋಡಿ, ಕುಶಾಲನಗರದ ಆಚೆಗಿರುವ ನಮ್ಮ ನೆರೆಯ ಪಿರಿಯಾಪಟ್ಟಣದವರೆಗೂ ಬಂದ. ಆಮೇಲೆ ಮಲಬಾರ್, ಮಂಗಳೂರು. 1807ರಲ್ಲಿ ಲಂಡನ್ನಿನಲ್ಲಿ ಮೂರು ದಪ್ಪ ಸಂಪುಟಗಳು ಅಚ್ಚಾದವು.

ಯಜಮಾನನಿಗೆ ಬೇಕಿದ್ದದ್ದು ಲಾಭ, ಅದನ್ನು ಮರೆಯುವಂತಿಲ್ಲ. ಆದರೆ ಬುಕನನ್ ದುಭಾಷಿಯನ್ನು ಕಟ್ಟಿಕೊಂಡು ರೈತನ ಹತ್ತಿರ ಹೋಗಿ ಕೇಳುತ್ತಿದ್ದ. ರಾಗಿಗೆ ಎಷ್ಟು ಸಲ ಉಳುತ್ತೀರಿ? ಗೊಬ್ಬರ ಯಾವಾಗ? ಆಳಿಗೆ ಏನು ಕೊಡುತ್ತೀರಿ? ಖಂಡುಗ, ಕೊಳಗ ಎಂದು ರೈತ ಹೇಳಿದರೆ ಅದನ್ನೇ ಬರೆದುಕೊಂಡು, ಈ ಊರಿನಲ್ಲಿ ಅದರ ಅಳತೆ ಎಷ್ಟು ಎಂದು ವಿಚಾರಿಸಿ, ಆಮೇಲೆ ತನ್ನ ಲೆಕ್ಕಕ್ಕೆ ತಿರುಗಿಸುತ್ತಿದ್ದ.

ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾವು ನಾಲ್ವರು ಬೆಳೆಗಾರರಿಗೆಂದು ಒಂದು ಆ್ಯಪ್ ಬರೆದಿದ್ದೆವು. ಎ.ಸಿ. ಕೋಣೆಯಲ್ಲೇ ಕುಳಿತು, ಯಾರನ್ನೂ ಕೇಳದೆ, ಜಮೀನಿಗೆ ಎಕರೆ ಎಂಬ ಒಂದೇ ಕಾಲಂ ಇಟ್ಟೆವು. ರಜೆಗೆ ಬಂದಾಗ ನನ್ನ ಅಜ್ಜನಿಗೇ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿ ಅಜ್ಜ ಕೇಳಿದರು: "ನಮ್ಮ ಗದ್ದೆ ಬಟ್ಟಿ ಲೆಕ್ಕದಲ್ಲಿ ಅಲ್ವಾ ಮಗ? ಇದರಲ್ಲಿ ಎಲ್ಲಿ ಬರೆಯೋದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಬಟ್ಟಿ ಎಂದರೆ ಎಷ್ಟು ಎಂಬುದೇ ಗೊತ್ತಿರಲಿಲ್ಲ. ವಿರಾಜಪೇಟೆಯಲ್ಲಿ ಹತ್ತನೇ ತರಗತಿಯವರೆಗೆ ಓದಿದವನು ನಾನು!

ಇನ್ನೂರು ವರ್ಷ ಹಿಂದೆ, ಭಾಷೆ ಬಾರದ ಪರದೇಶಿ ಎತ್ತಿನ ಕಾಲದಲ್ಲಿ ಬಂದು ಕೇಳಿದ ಪ್ರಶ್ನೆಯನ್ನು, ಅದೇ ಮನೆಯಲ್ಲಿ ಬೆಳೆದ ನಾನು ಕೇಳಿರಲಿಲ್ಲ. ಅಂದು ಸಂಜೆ ಅಜ್ಜನ ಪಕ್ಕ ನೋಟ್‌ಬುಕ್ ಹಿಡಿದು ಕುಳಿತೆ. ಮುಂದಿನ ತಿಂಗಳು ಆ್ಯಪ್‌ನಲ್ಲಿ ಇನ್ನೊಂದು ಕಾಲಂ ಸೇರಿತು.