ಚಿತ್ರ ತೋರಿಸಿದ ತಾಯಿ



ಮಾಸ್ಕೋ ನಗರದ ತ್ರೆತ್ಯಾಕೋವ್ ಚಿತ್ರಶಾಲೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. 2019ರಲ್ಲಿ ನಮ್ಮ ಸಂಘದ ಹನ್ನೊಂದು ಮಂದಿ ಅಲ್ಲಿಗೆ ಹೋಗಿದ್ದೆವು. ನಾವು ಕಲಾವಿಮರ್ಶಕರಲ್ಲ, ಕಂಡದ್ದನ್ನು ಹೇಳಬಲ್ಲೆವು, ಅಷ್ಟೆ.

ಈ ಚಿತ್ರಶಾಲೆಯನ್ನು ಕಟ್ಟಿದವರು ಅರಸರಲ್ಲ, ಬಟ್ಟೆಯ ವರ್ತಕರು. ಪಾವೆಲ್ ತ್ರೆತ್ಯಾಕೋವರು 1856ರಿಂದ ತಮ್ಮ ನಾಡಿನವರ ಚಿತ್ರಗಳನ್ನು ಹುಡುಕಿ ಹುಡುಕಿ ಕೊಂಡು, 1892ರಲ್ಲಿ ಎಲ್ಲವನ್ನೂ, ತೀರಿಕೊಂಡ ಸಹೋದರನ ಸಂಗ್ರಹವನ್ನೂ ಸೇರಿಸಿ, ನಗರಕ್ಕೆ ದಾನ ಮಾಡಿದರು.

ನಮಗೆ ಮಾರ್ಗದರ್ಶಿಯಾಗಿ ಬಂದವರು ಅರುವತ್ತು ದಾಟಿದ ಹೆಂಗಸು. ಇಂಗ್ಲಿಷನ್ನು ನಿಧಾನವಾಗಿ ಆಡುತ್ತಿದ್ದರು. ಮೊದಲೇ, "ಎಲ್ಲವನ್ನೂ ತೋರಿಸುವುದಿಲ್ಲ" ಎಂದುಬಿಟ್ಟರು. ನಮಗೆ ಬೇಸರವೇ ಆಯಿತು, ಹಣ ಕೊಟ್ಟವರಲ್ಲವೇ!

ಅಲೆಕ್ಸಾಂಡರ್ ಇವಾನೋವರ "ಜನತೆಗೆ ಕ್ರಿಸ್ತನ ದರ್ಶನ"ದ ಮುಂದೆ ನಿಲ್ಲಿಸಿದರು. ಏಳೂವರೆ ಮೀಟರ್ ಅಗಲದ ಚಿತ್ರ. 1837ರಿಂದ 1857ರವರೆಗೆ ಬರೆದದ್ದು. ಕ್ರಿಸ್ತನೇನೋ ದೂರದಲ್ಲಿ ಚಿಕ್ಕದಾಗಿ ಬರುತ್ತಿದ್ದಾನೆ. ಆಕೆ ಐದು ನಿಮಿಷ ಮಾತೇ ಆಡಲಿಲ್ಲ. ನಮ್ಮಲ್ಲಿ ಕೆಲವರು ಗಡಿಯಾರ ನೋಡಿಕೊಂಡರು. ಆಮೇಲೆ ಕೇಳಿದರು: "ಎಡಗಡೆಯ ಮುದುಕನ ಸೊಂಟದ ಬಟ್ಟೆ ಯಾವ ಬಣ್ಣ?" ಬಿಳಿ ಎಂದೆವು. "ನೀರಿನಲ್ಲಿ?" ಬಗ್ಗಿ ನೋಡಿದರೆ ನೀರಿನ ಬಿಂಬದಲ್ಲಿ ಅದು ಕೆಂಪು! ಇಪ್ಪತ್ತು ವರ್ಷ ಸಾಲದೆ ಹೋಯಿತೆನ್ನಿ. ಅನಂತರ, ಕೊರಳಿಗೆ ಹಗ್ಗ ಬಿದ್ದ ಗುಲಾಮನೊಬ್ಬನನ್ನು ತೋರಿಸಿದರು. ನೋವು ಇನ್ನೂ ಹೋಗಿಲ್ಲ, ನಗು ಆಗಲೇ ಬಂದಿದೆ, ಅಂಥ ಮುಖ. ಆ ಒಂದು ಮುಖಕ್ಕಾಗಿ ಚಿತ್ರಕಾರರು ಪಟ್ಟ ಶ್ರಮ ಗೋಡೆಯ ಮೇಲಿನ ಅಭ್ಯಾಸಚಿತ್ರಗಳಲ್ಲಿ ಕಾಣುತ್ತದೆ.

ಶಿಷ್ಕಿನ್ನರ ಪೈನ್ ಕಾಡಿನ ಚಿತ್ರದ ಬಳಿ ಕಥೆಯೊಂದನ್ನು ಹೇಳಿದರು. ಅದರೊಳಗಿನ ಕರಡಿಗಳನ್ನು ಬರೆದವರು ಸವಿತ್ಸ್ಕಿ ಎಂಬ ಬೇರೊಬ್ಬರು. ಅವರ ಸಹಿಯನ್ನು ತ್ರೆತ್ಯಾಕೋವರು ಅಳಿಸಿಹಾಕಿದರಂತೆ. ಎಲ್ಲರೂ ನಕ್ಕೆವು. ಆದರೆ ಮರಗಳ ನಡುವಣ ಮಂಜನ್ನು ಯಾರೂ ಸರಿಯಾಗಿ ನೋಡಲಿಲ್ಲ. ಕಥೆಯು ಚಿತ್ರವನ್ನು ನುಂಗುವುದೂ ಉಂಟು.

ಹೊರಡುವಾಗ ಆಕೆ ನಮ್ಮ ಊರು ಯಾವುದೆಂದು ವಿಚಾರಿಸಿದರು. ಕನ್ನಡನಾಡಿನವರು, ಬೆಂಗಳೂರಿನ ಕಡೆಯವರು ಎಂದೆವು. ಮುಖ ಅರಳಿತು. ನಿಕೊಲಾಯ್ ರೋರಿಕ್ ಎಂಬ ತರುಣನ "ದೂತ" ಎಂಬ ಚಿತ್ರವನ್ನು 1897ರಲ್ಲಿ ತ್ರೆತ್ಯಾಕೋವರೇ ಕೊಂಡಿದ್ದರು. ಅವರ ಮಗ ಸ್ವೆತೊಸ್ಲಾವ್ ರೋರಿಕ್ ಚಿತ್ರತಾರೆ ದೇವಿಕಾರಾಣಿಯವರನ್ನು ಮದುವೆಯಾಗಿ, ಬೆಂಗಳೂರಿನ ಹತ್ತಿರದ ತಾತಗುಣಿಯಲ್ಲಿ ನೆಲೆಸಿ, 1993ರಲ್ಲಿ ತೀರಿಕೊಂಡರಷ್ಟೆ. "ತಂದೆ ಮಕ್ಕಳ ಚಿತ್ರಗಳು ನಿಮ್ಮ ಚಿತ್ರಕಲಾ ಪರಿಷತ್ತಿನಲ್ಲಿವೆಯಲ್ಲ, ಹೇಗಿವೆ?" ಎಂದರು.

ಹನ್ನೊಂದು ಮಂದಿಯೂ ಮುಖ ಮುಖ ನೋಡಿಕೊಂಡೆವು. ನಮ್ಮಲ್ಲೊಬ್ಬರು ಈ ಊರಿಗೆ ಬರುವ ಮುಂಚೆ ನಾಲ್ಕು ವರ್ಷ ಕುಮಾರಕೃಪಾ ರಸ್ತೆಯಲ್ಲೇ ದಿನವೂ ಓಡಾಡಿದವರು. ಒಳಗೆ ಹೋದವರು ಒಬ್ಬರೂ ಇಲ್ಲ. ಯಾರೋ ಧೈರ್ಯ ಮಾಡಿ, "ಬಹಳ ಚೆನ್ನಾಗಿವೆ" ಎಂದರು. "ಯಾವುದು?" ಎಂದು ಆ ತಾಯಿ ಕೇಳಿದರು. ಕೋಟು ತೆಗೆದುಕೊಳ್ಳುವ ನೆಪದಲ್ಲಿ ನಾವು ಅಲ್ಲಿಂದ ಸರಿದೆವು.

2022ರ ದಸರೆಯ ರಜೆಯಲ್ಲಿ ಊರಿಗೆ ಹೋದಾಗ ಪರಿಷತ್ತಿಗೆ ಹೋದೆವು, ಮೊಮ್ಮಗಳನ್ನೂ ಕರೆದುಕೊಂಡು. ಹಿಮಾಲಯದ ನೀಲಿ ಶಿಖರಗಳ ಒಂದು ಪಟದ ಮುಂದೆ ಸುಮ್ಮನೆ ನಿಂತೆವು.

"ಇದರಲ್ಲಿ ಏನು ನೋಡಬೇಕು, ತಾತ?" ಎಂದಿತು ಮಗು.

"ಮೊದಲು ನೀನು ನೋಡಮ್ಮ. ಆಮೇಲೆ ನಾವು ಕೇಳುತ್ತೇವೆ" ಎಂದೆವು.